ಅವ್ವನ ತವರಿಗೆ ಹೋಗಿ ಬಂದ ಒಂದು ದಿನ

ನಮ್ಮದು ಜಗಳೂರು ತಾಲ್ಲೂಕಿನ ಮಳೆಯಾಶ್ರಿತ ಜಮೀನು. ಆರು ಎಕರೆ. ಅದರಲ್ಲಿ ನಾಲ್ಕು ಕೆಂಪು ಮಸಾರಿ, ಎರಡು ಎರೆ. ಶೇಂಗಾ, ಮೆಕ್ಕೆಜೋಳ, ಅದರ ನಡುವೆ ಅಕ್ಕಡಿ ಸಾಲು ತೊಗರಿ. ಮನೆ ಹತ್ತಿರ ಒಂದು ಬೋರು, ಒಂದೂವರೆ ಇಂಚು ನೀರು. ಅದು ದನಕ್ಕೆ, ಮನೆಗೆ, ಹಿತ್ತಲಿನ ನಾಲ್ಕು ತೆಂಗಿಗೆ ಆಗುತ್ತದೆ. ನಾನು ಓದಿದ್ದು ಏಳನೇ ಕ್ಲಾಸು. ಬರೆಯುವುದು ರೂಢಿ ಇಲ್ಲ, ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ಅವ್ವನ ತವರು ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು. 1966ರಲ್ಲಿ ಅವಳನ್ನು ನಮ್ಮೂರಿಗೆ ಕೊಟ್ಟಾಗ ಜಗಳೂರು ಚಿತ್ರದುರ್ಗ ಜಿಲ್ಲೆ, ಚನ್ನಗಿರಿ ಶಿವಮೊಗ್ಗ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಎರಡೂ ಒಂದಾದವು. ಆಗ ಅವ್ವ, "ಜಿಲ್ಲೆ ಒಂದಾದ್ರೆ ದಾರಿ ಏನ್ ಕಮ್ಮಿ ಆತಾ?" ಅಂದಿದ್ದಳು. ಈಗ ಅವಳಿಗೆ ಎಪ್ಪತ್ತೇಳು. ಮಂಡಿ ನೋವು ಅಂತ ಏಳೆಂಟು ವರ್ಷದಿಂದ ಆ ಕಡೆ ಹೋಗಿರಲಿಲ್ಲ.

ಈ ಸಲ, ಅಂದರೆ 2025ರ ಫೆಬ್ರವರಿಯಲ್ಲಿ, ಸೋದರಮಾವನ ಮಗ ನಮ್ಮ ಭಾವ ಫೋನ್ ಮಾಡಿದ. "ಹಳೇ ಮನೆ ಕೆಡವ್ತಾ ಇದೀವಿ. ಮನೆಯೊಳಗೆ ಎಲ್ಲೋ ಒಂದು ಹಗೇವು ಐತಂತೆ. ಅಪ್ಪ ಇದ್ದಾಗ ಕೇಳಿಟ್ಕೊಳ್ಳಲಿಲ್ಲ. ಅದರ ಮೇಲೇ ಪಿಲ್ಲರ್ ಬಂದ್ರೆ ಮನೆ ಕುಸಿತೈತಿ ಅಂತಾನೆ ಮೇಸ್ತ್ರಿ. ಅದೆಲ್ಲೈತೆ ಅಂತ ಗೊತ್ತಿರೋದು ಈಗ ಅತ್ತೆಗೆ ಒಬ್ಬಳಿಗೇ. ಕರ್ಕೊಂಡ್ ಬಾ ಮಾರಾಯ" ಅಂದ.

ನನಗೂ ಒಂದು ಕೆಲಸ ಇತ್ತು, ಅದನ್ನು ಅವನಿಗೆ ಹೇಳಲಿಲ್ಲ. ನನ್ನ ಮಗ ಒಂದು ಎಕರೆ ಮಸಾರಿಯಲ್ಲಿ ಅಡಿಕೆ ಇಡುತ್ತೇನೆ ಅಂತ ಹಟ ಹಿಡಿದಿದ್ದ. ಒಂಬತ್ತಡಿಗೆ ಒಂಬತ್ತಡಿ ಅಳತೆಯಲ್ಲಿ 540 ಗುಂಡಿ ತೆಗೆಸಿಯೂ ಆಗಿತ್ತು. ಹೊನ್ನಾಳಿ ಕಡೆಯ ಒಂದು ನರ್ಸರಿಗೆ ಸಸಿಗೆ ಮುಂಗಡ ಕೊಟ್ಟು ಬಂದಿದ್ದ. ನಾನು ಬೇಡ ಅಂದರೆ, "ಸಂತೇಬೆನ್ನೂರು ಮಾವನೋರು ಅಡಿಕೆಯಿಂದಲೇ ಮೇಲೆ ಬರಲಿಲ್ಲವಾ?" ಅನ್ನುತ್ತಿದ್ದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಡಿ ಹಾಗಾದರೆ, ಅಲ್ಲೇ ಹೋಗಿ ನೋಡಿಕೊಂಡು ಬರೋಣ ಅಂತ ಅವನನ್ನೂ ಹೊರಡಿಸಿದೆ.

ಬೆಳಗ್ಗೆ ಆರಕ್ಕೇ ಬಂದು ನಿಂತೆವು. ಖಾಸಗಿ ಬಸ್ಸು ಎರಡು ಹೋದವು, ಅವ್ವ ಹತ್ತಲಿಲ್ಲ. ಕೆಂಪು ಬಸ್ಸೇ ಬರಲಿ ಅಂತ ಕೂತಳು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲವಲ್ಲ, ಆಧಾರ್ ಕಾರ್ಡನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡಿದ್ದಳು. ನಮ್ಮಿಬ್ಬರ ಟಿಕೆಟ್ ದುಡ್ಡು ನಾವು ಕೊಟ್ಟೆವು. ಕೈಚೀಲದಲ್ಲಿ ಎರಡು ಸೇರು ಶೇಂಗಾ, ಎರಡು ಸೇರು ತೊಗರಿಬೇಳೆ, ಸಜ್ಜೆ ರೊಟ್ಟಿ ಕಟ್ಟು. ತವರಿಗೆ ಬರಿಗೈಲಿ ಹೋಗಬಾರದು ಅಂತ ಅವಳ ಕಟ್ಟಳೆ.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಸಂತೇಬೆನ್ನೂರು ದಾರಿ ಹಿಡಿದ ಮೇಲೆ ಮಗ ಕಿಟಕಿ ಬಿಟ್ಟು ಈ ಕಡೆ ತಿರುಗಲಿಲ್ಲ. ಮೊದಲು ಭದ್ರಾ ನಾಲೆಯ ಗದ್ದೆ, ಆಮೇಲೆ ತೋಟದ ಮೇಲೆ ತೋಟ. ನಮ್ಮಲ್ಲಿ ವರ್ಷಕ್ಕೆ ಇಪ್ಪತ್ತು ಇಂಚಿನ ಆಸುಪಾಸು ಮಳೆ. ಚನ್ನಗಿರಿಯಲ್ಲಿ ಮೂವತ್ತರ ಆಸುಪಾಸು. ಹತ್ತಿಂಚು ಅಂದರೆ ಏನು ಅಂತ ಬಸ್ಸಿನಲ್ಲಿ ಕೂತೇ ಕಾಣುತ್ತದೆ. ಅದೂ 2024ರಲ್ಲಿ ಮಳೆ ಚೆನ್ನಾಗಿ ಆಗಿತ್ತು. ನೋಡಿದಲ್ಲೆಲ್ಲ ಹಸಿರು.

ಹಗೇವು ಸಿಕ್ಕಿತು

ಮನೆ ಮುಟ್ಟುವಷ್ಟರಲ್ಲಿ ನ್ಯಾಮತಿಯಿಂದ ಚಿಕ್ಕವ್ವನೂ ಬಂದಿದ್ದಳು. ಅಜ್ಜ ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬಳನ್ನು ಮೂಡಲಿಗೆ, ಒಬ್ಬಳನ್ನು ಪಡುವಲಿಗೆ ಕೊಟ್ಟಿದ್ದ. ಆಗ ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿ ಊರು. 2018ರಲ್ಲಿ ತಾಲ್ಲೂಕು ಆಯಿತು. "ನಾನೀಗ ತಾಲ್ಲೂಕಿನೋಳು ಕಣೇ ಅಕ್ಕ" ಅಂತ ಚಿಕ್ಕವ್ವ ನಗಿಸಿದಳು. ಅಕ್ಕತಂಗಿ ಇಬ್ಬರೂ ಕಟ್ಟೆ ಮೇಲೆ ಕೂತು ಅರ್ಧ ಗಂಟೆ ಒಬ್ಬರ ಕೈ ಒಬ್ಬರು ಬಿಡಲಿಲ್ಲ. ನಮಗೆ ಚಾ ಕೊಡಲೂ ಮರೆತರು.

ಮನೆಯ ಹೆಂಚು ಆಗಲೇ ಇಳಿಸಿದ್ದರು. ಕಂಬ, ತೊಲೆ ಮಾತ್ರ ನಿಂತಿದ್ದವು. ಅವ್ವ ಕೋಲು ಊರಿಕೊಂಡು ಒಳಗೆ ಹೋದಳು. ನಡುಮನೆಯಲ್ಲಿ ನಿಂತು ಸುತ್ತ ನೋಡಿದಳು. ದನ ಕಟ್ಟುವ ಕಡೆಯಿಂದ ಆರು ಹೆಜ್ಜೆ, ಬೀಸೋಕಲ್ಲಿನ ಮೂಲೆಯಿಂದ ನಾಲ್ಕು ಹೆಜ್ಜೆ ಅಂತ ಎಣಿಸಿ, "ಇಲ್ಲಿ ಬಡಿ" ಅಂದಳು. ಮೇಸ್ತ್ರಿ ಹಾರೆಯಿಂದ ಬಡಿದ. ಕಲ್ಲಿನ ಸದ್ದು. ಎರಡು ಹೆಜ್ಜೆ ಈಚೆ ಬಡಿದ. ಬೋಣಿ ಒಳಗೆ ಗುದ್ದಿದ ಹಾಗೆ ಸದ್ದು ಬಂತು. ಸಿಮೆಂಟ್ ಗಾರೆ ಕಿತ್ತು ಕೆಳಗಿನ ಚಪ್ಪಡಿ ಎತ್ತಿದರೆ ಒಬ್ಬ ಆಳು ಇಳಿಯುವಷ್ಟು ಬಾಯಿ.

ಭಾವನ ಮಗ ಚಿಕ್ಕವನು, ಟಾರ್ಚ್ ಹಿಡಿದು ಇಳಿಯಲು ಕಾಲು ಹಾಕಿಯೇಬಿಟ್ಟ. ಅವ್ವ ಕೋಲಿನಿಂದ ಅವನ ಬೆನ್ನಿಗೆ ತಿವಿದಳು. "ಗಾಳಿ ಆಡದೇ ಇಳಿಬ್ಯಾಡ. ಮೊದ್ಲು ದೀಪ ಬಿಡು." ಹಗ್ಗಕ್ಕೆ ಬುಡ್ಡಿ ದೀಪ ಕಟ್ಟಿ ಬಿಟ್ಟರು. ನಾಲ್ಕಡಿ ಹೋಗುವಷ್ಟರಲ್ಲಿ ಆರಿತು. ಹಗೇವಿನೊಳಗೆ ಕೆಟ್ಟ ಗಾಳಿ ತುಂಬಿರುತ್ತದೆ, ಹೀಗೆ ಇಳಿದು ಸತ್ತವರಿದ್ದಾರೆ. ಇದನ್ನು ಓದುವ ಯಾರಾದರೂ ಹಳೇ ಮನೆ ಕೆಡವುವವರಿದ್ದರೆ ನೆನಪಿಡಿ. ದೀಪ ಉರಿದರೂ ಅವಸರ ಮಾಡಬೇಡಿ, ಬಾಯಿ ತೆರೆದು ದಿನಗಟ್ಟಲೆ ಬಿಡಿ. ಹಗ್ಗ ಕಟ್ಟಿಕೊಳ್ಳದೆ, ಮೇಲೆ ಜನ ಇಲ್ಲದೆ ಇಳಿಯಲೇಬೇಡಿ. ಭಾವ ಅಂದೇ ಹೇಳಿಬಿಟ್ಟ, ನಾವು ಇಳಿಯೋದೇ ಇಲ್ಲ, ಮೇಲಿಂದ ಕಲ್ಲುಮಣ್ಣು ತುಂಬಿಸಿ ಪಿಲ್ಲರ್ ಪಕ್ಕಕ್ಕೆ ಸರಿಸ್ತೀವಿ ಅಂತ. ಹಗ್ಗ ಬಿಟ್ಟು ಅಳೆದರೆ ಹನ್ನೆರಡಡಿ ಆಳ.

ನನ್ನ ಮಗನಿಗೆ ಹಗೇವು ಗೊತ್ತೇ ಇರಲಿಲ್ಲ. ಅವ್ವ ಹೇಳುತ್ತಾ ಹೋದಳು. ತಳಕ್ಕೆ, ಸುತ್ತಲಿಗೆ ಒಣ ಹುಲ್ಲು ಹಾಸಿ, ಚೆನ್ನಾಗಿ ಒಣಗಿಸಿದ ಜೋಳ ಸುರಿದು, ಮೇಲೆ ಹುಲ್ಲು ಮುಚ್ಚಿ, ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ಅಂಚಿನ ಕಾಳು ಕಪ್ಪಾಗಿ ವಾಸನೆ ಬಂದರೂ ನಡುವಿನದು ಮೂರು ನಾಲ್ಕು ವರ್ಷ ಇರುತ್ತಿತ್ತು. ಇಪ್ಪತ್ತು ಚೀಲ ಹಿಡಿಯುತ್ತಿತ್ತಂತೆ. 1972ರ ಬರದಲ್ಲಿ ಅಜ್ಜ ಇದನ್ನು ತೆಗೆದು ಮೂರು ಚೀಲ ಜೋಳ ಗಾಡಿಯಲ್ಲಿ ಜಗಳೂರಿಗೆ ಕಳಿಸಿದ್ದ. "ಅದನ್ನೇ ತಿಂದು ಬೆಳೆದೋನು ನಿಮ್ಮಪ್ಪ" ಅಂತ ನನ್ನ ಮಗನಿಗೆ ನನ್ನನ್ನು ತೋರಿಸಿದಳು. ನನಗಾಗ ಮೂರು ವರ್ಷ.

ಮಗ ಕೇಳಿದ: "ಇಲ್ಲಿ ಜೋಳ ಎಲ್ಲಿ ಬೆಳೀತಿದ್ರಜ್ಜಿ?"

"ಈಗ ಅಡಿಕೆ ಐತಲ್ಲ, ಅಲ್ಲೇ. ಅದೆಲ್ಲ ಹೊಲ ಕಣಪ್ಪ. ಜೋಳ, ಹತ್ತಿ, ನವಣೆ. ನಿಮ್ಮೂರಿನಂಗೇ."

ಇದು ನನಗೂ ಅಷ್ಟಾಗಿ ಹೊಳೆದಿರಲಿಲ್ಲ. ಅವ್ವ ತೋಟದ ಮನೆಯಿಂದ ಬಂದವಳು ಅಂತ ನಮ್ಮೂರಲ್ಲಿ ಎಲ್ಲರೂ ಅನ್ನುತ್ತಿದ್ದರು. ಅವಳು ಬಂದಾಗ ತೋಟವೇ ಇರಲಿಲ್ಲ. ಅವಳ ತವರಿನ ಜಮೀನು ನಾಲೆ ನೀರು ಹತ್ತದ ಎತ್ತರದ ಹೊಲ.

ಹನ್ನೊಂದು ಬೋರು

ಊಟಕ್ಕೆ ಮೊದಲು ಭಾವ ನಮ್ಮಿಬ್ಬರನ್ನು ತೋಟಕ್ಕೆ ಕರೆದುಕೊಂಡು ಹೋದ. ಮೂರು ಎಕರೆ, 1600 ಮರ. 1994ರಲ್ಲಿ ಸೋದರಮಾವ ಮೊದಲ ಬೋರು ಹಾಕಿಸಿದಾಗ 120 ಅಡಿಗೆ ಎರಡೂವರೆ ಇಂಚು ನೀರು ಬಂದಿತ್ತು. ಆ ಧೈರ್ಯದ ಮೇಲೆ ಅಡಿಕೆ ಇಟ್ಟರು. ಇವತ್ತಿಗೆ ಅದೇ ಮೂರು ಎಕರೆಯಲ್ಲಿ ಹನ್ನೊಂದು ಬೋರು. ಭಾವ ಒಂದೊಂದರ ಹತ್ತಿರವೂ ನಿಲ್ಲಿಸಿ ತೋರಿಸಿದ. ಇದು ಇನ್ನೂರೈವತ್ತು ಅಡಿ, ಇದು ನಾನೂರು, ಇದರಲ್ಲಿ ಮೋಟರ್ ಸಿಕ್ಕಿಬಿದ್ದು ಅಲ್ಲೇ ಉಳೀತು, ಇದು ತೆಂಗಿನಕಾಯಿ ಹಿಡಿದು ಪಾಯಿಂಟ್ ಮಾಡಿದ್ದು, ಬರೀ ದೂಳು. ಕೊನೆಯದು 820 ಅಡಿ. ಹನ್ನೊಂದರಲ್ಲಿ ಈಗ ನೀರಿರುವುದು ಎರಡರಲ್ಲಿ. ಕೇಸಿಂಗ್ ಪೈಪಿನ ಬಾಯಿಗೆಲ್ಲ ಚೀಲ ಬಿಗಿದು ಮೇಲೆ ಕಲ್ಲು ಹೇರಿದ್ದಾನೆ. ಮಕ್ಕಳು ಬೀಳಬಾರದಲ್ಲ.

ಮಗ, "ಆದ್ರೂ ದುಡ್ಡು ಬಂದೈತಲ್ಲ ಮಾವ?" ಅಂದ.

ಭಾವ ಮುಚ್ಚಿಡುವ ಮನುಷ್ಯ ಅಲ್ಲ. "ಬಂದೈತೆ. ಸುಳ್ಳು ಯಾಕೆ ಹೇಳಲಿ. ಇಬ್ಬರು ತಂಗೇರ ಮದುವೆ ಅಡಿಕೆಯಿಂದಲೇ ಮಾಡಿದ್ದು. ಟ್ರ್ಯಾಕ್ಟರ್ ಅಡಿಕೆಯಿಂದಲೇ. ಒಳ್ಳೇ ವರ್ಷ ಎಕರೆಗೆ ಹತ್ತು ಕ್ವಿಂಟಲ್ ಒಣ ಅಡಿಕೆ ತೆಗೆದೀನಿ. 2022ರಲ್ಲಿ ರಾಶಿ ಅಡಿಕೆ ಐವತ್ತು ಸಾವಿರ ದಾಟಿದಾಗ ತುಮ್ಕೋಸಿಗೆ ಹಾಕಿ ಬಂದು ಅವತ್ತು ರಾತ್ರಿ ನಿದ್ದೇನೇ ಬರಲಿಲ್ಲ" ಅಂದ. ಒಂದೆರಡು ವರ್ಷ ಕೈಯಲ್ಲಿ ಆಗದೆ ತೋಟವನ್ನು ಖೇಣಿಗೆ ಕೊಟ್ಟಿದ್ದನಂತೆ. ಕೊಯ್ಯುವ, ಸುಲಿಯುವ, ಬೇಯಿಸುವ ತಲೆನೋವು ಇಲ್ಲ, ಆದರೆ ಲಾಭದ ಪಾಲು ಕಮ್ಮಿ. ಅದನ್ನು ಬೇರೆ ಬರೆಯಬೇಕು.

ಆಮೇಲೆ 2024ರ ಬೇಸಿಗೆ ಹೇಳಿದ. 2023ರಲ್ಲಿ ಮಳೆ ಕೈಕೊಟ್ಟಿತ್ತು. ಆ ವರ್ಷದ ಬರ ನಮಗೂ ಗೊತ್ತು, ರಾಜ್ಯದ ಹೆಚ್ಚಿನ ತಾಲ್ಲೂಕು ಬರ ಅಂತ ಘೋಷಣೆ ಆಗಿದ್ದವು. ಮಾರ್ಚಿಗೆ ಎರಡೂ ಬೋರು ನಿಂತವು. ನಾಲೆ ಪಕ್ಕದ ಜಮೀನಿನಲ್ಲಿ ಬೋರು ಇದ್ದವರಿಂದ ಟ್ಯಾಂಕರ್ ನೀರು ಕೊಂಡ. ಚನ್ನಗಿರಿ ಸೀಮೆಯಲ್ಲಿ ಆ ಬೇಸಿಗೆ ಎಷ್ಟೋ ತೋಟಕ್ಕೆ ಟ್ಯಾಂಕರೇ ಗತಿ. ರಾತ್ರಿಯೆಲ್ಲ ಟ್ರ್ಯಾಕ್ಟರ್ ಸದ್ದು.

ಮಗ ಮೊಬೈಲಿನಲ್ಲಿ ಲೆಕ್ಕ ಹಾಕುವವನು. ಅವನನ್ನೇ ಹಾಕು ಅಂದೆ. ಬೇಸಿಗೆಯಲ್ಲಿ ಹನಿ ನೀರಾವರಿ ಮಾಡಿದರೂ ಫಲ ಬಿಡುವ ಮರಕ್ಕೆ ದಿನಕ್ಕೆ ಹದಿನಾರರಿಂದ ಇಪ್ಪತ್ತು ಲೀಟರ್ ನೀರು ಬೇಕು. ಹದಿನಾರೇ ಹಿಡಿದರೂ 540 ಮರದ ಒಂದು ಎಕರೆಗೆ ದಿನಕ್ಕೆ 8640 ಲೀಟರ್. ಭಾವನ ಮೂರು ಎಕರೆಗೆ ಇಪ್ಪತ್ತೈದು ಸಾವಿರ ಲೀಟರಿಗೂ ಮೇಲೆ. ಅಷ್ಟು ಕೊಳ್ಳಲು ಆಗುತ್ತದಾ? ಜೀವ ಉಳಿದರೆ ಸಾಕು ಅಂತ ಮರಕ್ಕೆ ವಾರಕ್ಕೆ ನೂರು ಲೀಟರ್ ಬಿಟ್ಟ. 1600 ಮರಕ್ಕೆ ವಾರಕ್ಕೆ ಒಂದು ಲಕ್ಷ ಅರವತ್ತು ಸಾವಿರ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಮೂವತ್ತೆರಡು. ಟ್ಯಾಂಕರಿಗೆ ಅವನು ಕೊಟ್ಟಿದ್ದು 900 ರೂಪಾಯಿ. ಒಂಬತ್ತು ವಾರ ನಡೆಯಿತು. ಮಗ ಮೊಬೈಲ್ ತೋರಿಸಿದ: 2,59,200.

"ಅಷ್ಟು ಸುರಿದ ಮೇಲೂ ಹೊಂಬಾಳೆ ಒಣಗಿ ಉದುರ್ತು. ಆ ವರ್ಷ ಮೂರು ಎಕರೆಗೂ ಸೇರಿ ಹನ್ನೆರಡು ಕ್ವಿಂಟಲ್. ಮೂಡಲ ಬದಿಯ ಎಂಬತ್ತು ಮರ ಸುಳಿ ಒಣಗಿ ಹೋದವು" ಅಂದ. ಆ ಮರಗಳ ಬುಡ ಇನ್ನೂ ಹಾಗೇ ಇದ್ದವು.

ಮಗ ಸುಮ್ಮನಿದ್ದು ಇನ್ನೊಂದು ಮಾತು ತೆಗೆದ. ಹರಿಹರದ ಹತ್ತಿರ ದೀಟೂರಿನಲ್ಲಿ ತುಂಗಭದ್ರೆಯಿಂದ ನೀರೆತ್ತಿ ನಮ್ಮ ಕಡೆಯ 57 ಕೆರೆ ತುಂಬಿಸುವ ಯೋಜನೆ ಐತಲ್ಲ, ಕೆರೆ ತುಂಬಿದರೆ ಬೋರಿಗೆ ನೀರು ಬರುತ್ತದಲ್ಲ ಅಂತ. ಅವನ ಮಾತೂ ಸುಳ್ಳಲ್ಲ. ಆ ನೀರಿಗಾಗಿ ನಮ್ಮ ತಾಲ್ಲೂಕಿನವರು ಎಷ್ಟು ವರ್ಷ ಕಾದಿದ್ದೇವೆ.

ಭಾವ ಅಂದ, "ಕೆರೆ ತುಂಬಿದ್ರೆ ನಿನಗೊಬ್ಬನಿಗೇ ತುಂಬತೈತಾ? ನೀನು ಇಟ್ಟಂಗೆ ಊರೆಲ್ಲ ಅಡಿಕೆ ಇಡ್ತಾರೆ. ನಾವೂ ಹಂಗೇ ಅಂದ್ಕೊಂಡಿದ್ವಿ. 1994ರಲ್ಲಿ ಈ ಬಯಲಿಗೆ ನಾಲ್ಕೇ ಬೋರು. ಈಗ ನೀನೇ ಎಣಿಸು." ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂದ, "ಮೆಕ್ಕೆಜೋಳ ಒಣಗಿದ್ರೆ ಆ ವರ್ಷದ್ದು ಹೋಗತೈತಿ. ತೋಟ ಒಣಗಿದ್ರೆ ಹತ್ತು ವರ್ಷದ್ದು ಹೋಗತೈತಿ. ನನಗೆ ಬಿಡೋಕೂ ಆಗಲ್ಲ, ಇಟ್ಕೊಳ್ಳೋಕೂ ಆಗಲ್ಲ. ಇನ್ನೂ ಇಡದೇ ಇರೋನು ನೀನು, ನೀನು ಯೋಚ್ನೆ ಮಾಡಬಹುದು."

ನಮ್ಮ ಹೊಲದ ಲೆಕ್ಕವನ್ನೂ ಹೇಳಬೇಕು, ಇಲ್ಲದಿದ್ದರೆ ನ್ಯಾಯ ಆಗಲ್ಲ. 2023ರಲ್ಲಿ ನಮ್ಮ ಮೆಕ್ಕೆಜೋಳ ತೆನೆ ಕಟ್ಟಲಿಲ್ಲ. ಬೀಜ, ಗೊಬ್ಬರ, ಉಳುಮೆ ಸೇರಿ ನಲವತ್ತು ಸಾವಿರ ಹೋಯಿತು. ತೊಗರಿ ಮಾತ್ರ ಅಷ್ಟಿಷ್ಟು ಕೈಗೆ ಬಂತು. 2024ರಲ್ಲಿ ಅದೇ ಹೊಲದಲ್ಲಿ ಮತ್ತೆ ಕೂರಿಗೆ ಹೂಡಿದೆವು, ಬೆಳೆ ಬಂತು, ಸಾಲದ ಅರ್ಧ ತೀರಿತು. ಆದರೆ ಒಳ್ಳೇ ವರ್ಷದಲ್ಲೂ ಆರು ಎಕರೆಯಿಂದ ನಮಗೆ ಉಳಿಯುವುದು ಭಾವನ ಅರ್ಧ ಎಕರೆಯ ಲೆಕ್ಕಕ್ಕೂ ಬರುವುದಿಲ್ಲ. ಮಗನ ಸಂಕಟ ನನಗೆ ಅರ್ಥವಾಗುತ್ತದೆ. ಇಪ್ಪತ್ತಾರು ವರ್ಷದ ಹುಡುಗ, ಒಣ ಹೊಲದವನಿಗೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡುತ್ತಾರೆ. ಅವನು ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ.

ಊಟಕ್ಕೆ ಕಡ್ಲೆಬೇಳೆ ಹೋಳಿಗೆ. ಚಿಕ್ಕವ್ವನೂ ಅದೇ ಮಾತು ತೆಗೆದಳು. ನ್ಯಾಮತಿ ಕಡೆ ಮೆಕ್ಕೆಜೋಳದ ಹೊಲಗಳೆಲ್ಲ ಅಡಿಕೆ ಆಗುತ್ತಿವೆಯಂತೆ. 2018ರಲ್ಲಿ ಹೊಸ ಸೈನಿಕ ಹುಳು ಬಂದು ಮೆಕ್ಕೆಜೋಳದ ಸುಳಿ ತಿಂದ ಮೇಲೆ ಅವಳ ಮಗನೂ ಎರಡು ಎಕರೆ ಅಡಿಕೆ ಮಾಡಿದ್ದಾನೆ. ಅವರಿಗೆ ಮಲೆನಾಡಿನ ಸೆರಗಿನ ಮಳೆ ಐತೆ, ನಡೆದೀತು. "ಹೊನ್ನಾಳಿ ಹೊಳೆ ದಂಡೇಲಿ ಭತ್ತದ ಗದ್ದೆಗೂ ಅಡಿಕೆ ಹಾಕ್ತಾ ಇದಾರೆ, ಇನ್ನು ಅಕ್ಕಿ ಎಲ್ಲಿಂದ ತರ್ತೀರೋ" ಅಂತ ಅವಳ ಗೊಣಗಾಟ.

ಮಧ್ಯಾಹ್ನ ಅಕ್ಕತಂಗಿ ಇಬ್ಬರನ್ನೂ ಆಟೋದಲ್ಲಿ ಪುಷ್ಕರಣಿಗೆ ಕರೆದೊಯ್ದೆವು. ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ್ದು, ಸುತ್ತಲೂ ಕಲ್ಲಿನ ಮೆಟ್ಟಿಲು, ನಡುನೀರಿನಲ್ಲಿ ವಸಂತ ಮಂಟಪ. ಪಕ್ಕದಲ್ಲೇ ಬಿಜಾಪುರದ ರಣದುಲ್ಲಾ ಖಾನನ ಕಾಲದ ಮುಸಾಫಿರ್‌ಖಾನೆ. ಹೊರಗಿನವರು ಫೋಟೋ ತೆಗೆಯುತ್ತಿದ್ದರು. ಅವ್ವ ಮೆಟ್ಟಿಲ ಮೇಲೆ ಕೂತು ನೀರನ್ನೇ ನೋಡಿದಳು. 1972ರಲ್ಲಿ ಎಷ್ಟು ಮೆಟ್ಟಿಲು ಕಂಡಿತ್ತು ಅಂತ ಇಬ್ಬರಿಗೂ ವಾದ ಬಿತ್ತು, ತೀರ್ಮಾನ ಆಗಲಿಲ್ಲ.

ಅವರನ್ನು ಮನೆಗೆ ಬಿಟ್ಟು ನಾವು ಮೂವರು ಎರಡು ಬೈಕಿನಲ್ಲಿ ಸೂಳೆಕೆರೆ ಏರಿಗೆ ಹೋಗಿ ಬಂದೆವು. ಶಾಂತಿಸಾಗರ ಅಂತಲೂ ಅನ್ನುತ್ತಾರೆ. ತುಂಬಿದರೆ ಆರೂವರೆ ಸಾವಿರ ಎಕರೆ ನೀರು ನಿಲ್ಲುವ ಕೆರೆಗೆ ಏರಿ ಸಾವಿರ ಅಡಿಯೂ ಇಲ್ಲ. ಎರಡು ಗುಡ್ಡದ ನಡುವಿನ ಸಂದಿಯಲ್ಲಿ ಹರಿದ್ರಾ ಹಳ್ಳವನ್ನು ಕಟ್ಟಿದ್ದಾರೆ. ಕಟ್ಟಿಸಿದವಳು ಶಾಂತವ್ವ ಅಂತ ಕಥೆ. ಜಾಗ ಹುಡುಕಿದವರ ಕಣ್ಣಿಗೆ ಕೈ ಮುಗಿಯಬೇಕು. ಚಿತ್ರದುರ್ಗದವರೆಗೂ ಕುಡಿಯುವ ನೀರು ಇಲ್ಲಿಂದಲೇ ಹೋಗುತ್ತದೆ. ಹಳ್ಳ ಮುಂದೆ ಹರಿಹರದಲ್ಲಿ ತುಂಗಭದ್ರೆ ಸೇರುತ್ತದೆ. ಮಗ ಏರಿ ಮೇಲೆ ನಿಂತು ಬಹಳ ಹೊತ್ತು ಮಾತಾಡಲಿಲ್ಲ. ನಾನೂ ಕೆದಕಲಿಲ್ಲ.

ಹೊರಡುವಾಗ ಭಾವನ ಹೆಂಡತಿ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ತಂದಳು. ಅಪ್ಪ ಹೋದ ಮೇಲೆ ಅವ್ವ ಉಡಿ ತುಂಬಿಸಿಕೊಳ್ಳುವುದು ಬಿಟ್ಟಿದ್ದಳು. ಬೇಡ ಬೇಡ ಅಂದಳು. "ತವರಿನ ಅಕ್ಕಿಗೆ ಆ ಲೆಕ್ಕ ಎಲ್ಲ ಇಲ್ಲ ಅತ್ತೆ, ಈ ಮನೇಲಿ ಇದೇ ಕಡೇದು, ಸೆರಗು ಹಿಡೀರಿ" ಅಂತ ಹೆಂಚಿಲ್ಲದ ನಡುಮನೆಯಲ್ಲೇ ನಿಲ್ಲಿಸಿ ತುಂಬಿದಳು. ಅವ್ವ ಅತ್ತಳು. ಚಿಕ್ಕವ್ವನಿಗೂ ತುಂಬಿದರು. ಕಡೇ ಬಸ್ಸು ತಪ್ಪೀತು ಅಂತ ನಾನೇ ಅವಸರ ಮಾಡಿದೆ. ಮನೆ ಮುಟ್ಟುವಾಗ ರಾತ್ರಿ ಹತ್ತೂವರೆ.

ಮೂರು ದಿನ ಬಿಟ್ಟು ಮಗ ತಾನಾಗಿಯೇ ಹೊನ್ನಾಳಿ ನರ್ಸರಿಗೆ ಫೋನ್ ಮಾಡಿ 540ರ ಬದಲು 100 ಸಸಿ ಸಾಕು ಅಂದ. ಅವನ್ನು ಮನೆ ಬೋರಿನ ಹತ್ತಿರ ಹಾಕುತ್ತಾನಂತೆ. ನೂರು ಮರಕ್ಕೆ ದಿನಕ್ಕೆ 1600 ಲೀಟರ್, ಅಷ್ಟು ನಮ್ಮ ಬೋರು ಕೊಟ್ಟೀತು ಅಂತ ಅವನ ಲೆಕ್ಕ. ಅದನ್ನೂ ಬಿಡು ಅನ್ನಲು ನನಗೆ ಬಾಯಿ ಬರಲಿಲ್ಲ. ನನ್ನ ಮಾತಿಗೆ ಹೊಲದ ಇಳಿಜಾರಿನ ಕೊನೆಯಲ್ಲಿ ಕೃಷಿಹೊಂಡ ತೆಗೆಸಲು ಅರ್ಜಿ ಹಾಕಲು ಒಪ್ಪಿದ್ದಾನೆ. ಉಳಿದ ಗುಂಡಿಗಳನ್ನು ಏನು ಮಾಡುವುದು ಅಂತ ಇನ್ನೂ ತೀರ್ಮಾನ ಆಗಿಲ್ಲ. ನಾನು ಹುಣಸೆ, ನುಗ್ಗೆ ಅನ್ನುತ್ತೇನೆ. ಅವನು ಮುಂದಿನ ವರ್ಷ ನೋಡೋಣ ಅನ್ನುತ್ತಾನೆ. ಅವ್ವ ಇಬ್ಬರನ್ನೂ ಕೇಳದೆ ಮೊದಲ ಮಳೆಗೆ ಮನೆ ಕಡೆಯ ಎರಡು ಸಾಲು ಗುಂಡಿಗೆ ತಿಪ್ಪೆಗೊಬ್ಬರ ಹಾಕಿಸಿ ಕುಂಬಳ, ಅವರೆ ಬೀಜ ಊರಿದಳು.

ಭಾವ ಫೋನ್ ಮಾಡಿದ್ದ. ಹಗೇವಿಗೆ ನಾಲ್ಕು ಟ್ರ್ಯಾಕ್ಟರ್ ಕಲ್ಲುಮಣ್ಣು ಹಿಡಿಯಿತಂತೆ. ಪಿಲ್ಲರ್ ಮೂರಡಿ ಪಕ್ಕಕ್ಕೆ ಸರಿಸಿದ್ದಾರೆ. ಗೃಹಪ್ರವೇಶಕ್ಕೆ ಅತ್ತೆ ಬರಲೇಬೇಕು ಅಂದ. ಅವ್ವ ಆಧಾರ್ ಕಾರ್ಡು ಎಲ್ಲಿಟ್ಟೆ ಅಂತ ಅವತ್ತೇ ಹುಡುಕಿಸಿದಳು.